ಮೊದಲ ದಿನದ ಎಕ್ಸ್‌ರೇ ನಿಮ್ಮ ಕೈಯಲ್ಲಿರಲಿ

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯಲ್ಲಿ ರಸ್ತೆ ಅಪಘಾತದಿಂದ ಗಾಯಗೊಂಡವರಿಗೆ, ಅವರ ಮನೆಯವರಿಗೆ ಒಂದು ಬಹಿರಂಗ ಪತ್ರ

ಆತ್ಮೀಯರೇ,

2022ರ ಅಕ್ಟೋಬರ್ 15ರ ರಾತ್ರಿ ಅರಸೀಕೆರೆ ತಾಲೂಕಿನ ಗಾಂಧಿನಗರದ ಹತ್ತಿರ ಟೆಂಪೊ ಟ್ರಾವೆಲರ್, ಸಾರಿಗೆ ಬಸ್ಸು, ಹಾಲಿನ ಟ್ಯಾಂಕರ್ ಮೂರೂ ಸೇರಿ ಆದ ಅಪಘಾತವನ್ನು ನೀವು ಮರೆತಿರಲಾರಿರಿ. ಧರ್ಮಸ್ಥಳಕ್ಕೂ ಹಾಸನಾಂಬೆಯ ದರ್ಶನಕ್ಕೂ ಹೋಗಿ ಮನೆಗೆ ಮರಳುತ್ತಿದ್ದವರಲ್ಲಿ ಒಂಬತ್ತು ಜನ ಹೋಗಿಬಿಟ್ಟರು. ಇಂಥ ರಾತ್ರಿಗಳಲ್ಲಿ ತೀರಿಕೊಂಡವರ ಲೆಕ್ಕ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಕಾಲು ಮುರಿದುಕೊಂಡವರು, ತಲೆಗೆ ಪೆಟ್ಟು ತಿಂದವರು, ಸೊಂಟ ಹಿಡಿದುಕೊಂಡು ಮನೆ ಸೇರಿದವರು ಆಮೇಲೆ ಏನಾದರು ಎಂದು ಯಾರೂ ಕೇಳುವುದಿಲ್ಲ. ಈ ಪತ್ರ ಅವರಿಗಾಗಿ.

ಚಾರ್ಮಾಡಿ ಹತ್ತಿ ಮೂಡಿಗೆರೆ, ಬೇಲೂರು, ಹಳೇಬೀಡು, ಜಾವಗಲ್, ಬಾಣಾವರದ ಮೇಲೆ ಅರಸೀಕೆರೆಗೆ ಬರುವ ರಸ್ತೆ ನಮ್ಮ ಬದುಕಿನ ರಸ್ತೆ. ಕೊಬ್ಬರಿ ಲೋಡು, ಕಾಫಿ ಲೋಡು, ಧರ್ಮಸ್ಥಳದ ಯಾತ್ರಿಕರು, ಶಾಲೆಯ ಮಕ್ಕಳು, ಸಂತೆಗೆ ಹೊರಟ ಬೈಕುಗಳು ಎಲ್ಲವೂ ಇದೇ ದಾರಿಯಲ್ಲಿ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಹೊರಗಿನ ವಾಹನಗಳೂ ಬರುತ್ತಿವೆ. ನಾನು ಈ ಸೀಮೆಯ ಅಪಘಾತ ಪರಿಹಾರದ ಕೇಸುಗಳನ್ನು ನಡೆಸುವ ವಕೀಲ. ನಿಮಗೆ ಹೇಳಬೇಕಾದ ಮಾತು ಒಂದೇ: ಗಾಯವಾದ ದಿನ ತೆಗೆದ ಎಕ್ಸ್‌ರೇ, ಸ್ಕ್ಯಾನಿಂಗನ್ನು ಜಮೀನಿನ ಪತ್ರದಷ್ಟೇ ಜೋಪಾನ ಮಾಡಿ. ಆಮೇಲೆ ತೆಗೆಸುವ ಯಾವ ಚಿತ್ರವೂ ಅದರ ಜಾಗ ತುಂಬುವುದಿಲ್ಲ.

ಯಾಕೆ ಎನ್ನುವುದನ್ನು ವಿವರಿಸುತ್ತೇನೆ. ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ನೀವು ಸಾಕ್ಷಿ ಹೇಳುವ ಹೊತ್ತಿಗೆ ಹೊರಗಿನ ಗಾಯ ಮಾಯ್ದಿರುತ್ತದೆ. ನೀವು ನಡೆದುಕೊಂಡೇ ಕಟಕಟೆಗೆ ಬರುತ್ತೀರಿ. ವಿಮಾ ಕಂಪನಿಯ ವಕೀಲರು ಪಾಟಿ ಸವಾಲಿನಲ್ಲಿ ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ: “ನಿಮಗೆ ಮೂಳೆ ಮುರಿದೇ ಇರಲಿಲ್ಲ. ಈ ಮುರಿತ ಅಪಘಾತಕ್ಕಿಂತ ಮೊದಲೇ ಇತ್ತು. ಈ ಫಿಲಂ ನಿಮ್ಮದಲ್ಲ.” ಮೂರಕ್ಕೂ ಉತ್ತರ ಇರುವುದು ಮೊದಲ ದಿನದ ಚಿತ್ರದಲ್ಲಿ. ಹೊಸ ಮುರಿತದ ಅಂಚು ಚೂಪಾಗಿ, ಸ್ಪಷ್ಟವಾಗಿ ಕಾಣುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಮುರಿದ ಜಾಗದ ಸುತ್ತ ಹೊಸ ಮೂಳೆಯ ಗಂಟು ಮೂಡತೊಡಗುತ್ತದೆ. ಆದ್ದರಿಂದ ಅಪಘಾತದ ದಿನವೇ ತೆಗೆದ ಚಿತ್ರ ನೋಡಿದ ವೈದ್ಯರು ಮುರಿತ ಹೊಸದೋ ಹಳೆಯದೋ ಎಂದು ಧೈರ್ಯವಾಗಿ ಹೇಳಬಲ್ಲರು. ಆರು ತಿಂಗಳ ನಂತರ ತೆಗೆದ ಚಿತ್ರ ಮಾತ್ರ ಇದ್ದರೆ, ಮೂಳೆ ಯಾವಾಗಲೋ ಮುರಿದಿತ್ತು ಎನ್ನುವಷ್ಟೇ ಅದರಿಂದ ತಿಳಿಯುತ್ತದೆ.

ಎಕ್ಸ್‌ರೇಯನ್ನು ಸಾಕ್ಷಿಯಾಗಿ ಒಪ್ಪಿದ್ದು ಈಚಿನ ಮಾತಲ್ಲ. ಜರ್ಮನಿಯಲ್ಲಿ ರಾಂಟ್ಜೆನ್ ಈ ಕಿರಣವನ್ನು ಕಂಡುಹಿಡಿದದ್ದು 1895ರ ನವೆಂಬರ್ 8ರಂದು. ಮರುವರ್ಷ ಡಿಸೆಂಬರಿನಲ್ಲೇ ಅಮೆರಿಕದ ಡೆನ್ವರ್ ನಗರದ ನ್ಯಾಯಾಲಯದಲ್ಲಿ ಏಣಿಯಿಂದ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದ ಯುವಕನೊಬ್ಬನ ಪರವಾಗಿ ಎಕ್ಸ್‌ರೇ ಹಾಜರಾಯಿತು. ಕಣ್ಣಿಗೆ ಕಾಣದ ಮೂಳೆಯ ಚಿತ್ರ ಸರಿಯಾಗಿದೆ ಎಂದು ಹೇಳಲು ಅದನ್ನು ಕಂಡ ಸಾಕ್ಷಿ ಯಾರಿದ್ದಾರೆ ಎಂದು ಎದುರು ಪಕ್ಷ ತಕರಾರು ತೆಗೆಯಿತು. ನ್ಯಾಯಾಧೀಶ ಲೆಫೀವರ್ ತಕರಾರನ್ನು ತಳ್ಳಿಹಾಕಿ ಚಿತ್ರವನ್ನು ಸಾಕ್ಷ್ಯವಾಗಿ ಸ್ವೀಕರಿಸಿದರು. ಚಿತ್ರ ಹೇಗೆ ತೆಗೆದರು, ಯಾರದ್ದು, ಅದರಲ್ಲಿ ಏನಿದೆ ಎಂದು ತಿಳಿದವರೊಬ್ಬರು ಬಂದು ಹೇಳಬೇಕು ಎನ್ನುವ ಬೇಡಿಕೆ ಮಾತ್ರ ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ.

ನಮ್ಮ ಕಾನೂನಿನಲ್ಲಿ ಒಂದು ಎಕ್ಸ್‌ರೇಗೆ ಎಷ್ಟು ತೂಕವಿದೆ ನೋಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಂತೆ ಮೂಳೆ ಅಥವಾ ಹಲ್ಲು ಮುರಿದರೆ, ಕೀಲು ತಪ್ಪಿದರೆ ಅದು ತೀವ್ರ ಗಾಯ. ಮುರಿತವನ್ನು ಖಚಿತವಾಗಿ ತೋರಿಸುವುದು ಎಕ್ಸ್‌ರೇ. ಅದರ ಆಧಾರದ ಮೇಲೆ ವೈದ್ಯರು ಗಾಯದ ಪ್ರಮಾಣಪತ್ರ, ನಾವೆಲ್ಲ ವೂಂಡ್ ಸರ್ಟಿಫಿಕೇಟ್ ಎನ್ನುವುದನ್ನು, ಬರೆಯುತ್ತಾರೆ. ಪೊಲೀಸರು ಚಾರ್ಜ್‌ಶೀಟಿನಲ್ಲಿ ಸಾಧಾರಣ ಗಾಯವೋ ತೀವ್ರ ಗಾಯವೋ ಎಂದು ಕಲಮು ಹಾಕುವುದು ಅದನ್ನೇ ನೋಡಿ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಾದ 164ನೇ ಕಲಮು, ಚಾಲಕನ ತಪ್ಪನ್ನು ಸಾಬೀತು ಮಾಡದಿದ್ದರೂ ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪರಿಹಾರ ಹೇಳುತ್ತದೆ. ಆ ದಾರಿ ಹಿಡಿಯಬೇಕೋ, ತಪ್ಪನ್ನು ತೋರಿಸಿ ಪೂರ್ಣ ಪರಿಹಾರ ಕೇಳುವ 166ನೇ ಕಲಮಿನ ದಾರಿಯೋ ಎಂದು ನಿಮ್ಮ ವಕೀಲರ ಜೊತೆ ಕೂತು ತೀರ್ಮಾನಿಸಿ. ಎರಡಕ್ಕೂ ಗಾಯದ ದಾಖಲೆ ಬೇಕೇ ಬೇಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೊದಲ ದಿನದ ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದು ಬಂದ ಮಾತ್ರಕ್ಕೆ ಏನೂ ಆಗಿಲ್ಲ ಎಂದು ತಿಳಿಯಬೇಡಿ. ಕೈ ಊರಿ ಬಿದ್ದವರ ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆಯ ಬಿರುಕು ಎಷ್ಟೋ ಸಲ ಮೊದಲ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನೋವು ಹೋಗದಿದ್ದರೆ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಸಬೇಕು. ಮಂಡಿಯ ಒಳಗಿನ ಲಿಗಮೆಂಟು ಹರಿದಿದ್ದರೆ ಎಕ್ಸ್‌ರೇ ಅದನ್ನು ತೋರಿಸದು, ಎಂಆರ್‌ಐ ಬೇಕು. ತಲೆಗೆ ಪೆಟ್ಟು ಬಿದ್ದಾಗ ಮೊದಲ ಗಂಟೆಗಳಲ್ಲಿ ಸಿಟಿ ಸ್ಕ್ಯಾನೇ ಆಧಾರ. ವಯಸ್ಸಾದವರಲ್ಲಿ ಮೆದುಳಿನ ಹೊರಪದರದ ಕೆಳಗೆ ರಕ್ತ ನಿಧಾನವಾಗಿ ಸೇರಿಕೊಂಡು ವಾರಗಳ ನಂತರ ತೊಂದರೆ ಕೊಡುವುದುಂಟು. ಅಜ್ಜನಿಗೆ ಮಂಪರು, ಮಾತು ತೊದಲು, ನಡಿಗೆಯಲ್ಲಿ ಓಲಾಟ ಕಂಡರೆ ವಯಸ್ಸಾಯಿತು ಎಂದು ಸುಮ್ಮನಾಗದೆ ಆಸ್ಪತ್ರೆಗೆ ಕರೆದೊಯ್ದು ಬಿದ್ದ ವಿಷಯವನ್ನು ವೈದ್ಯರಿಗೆ ಹೇಳಿ. ಇದು ಮೊದಲು ಜೀವದ ಪ್ರಶ್ನೆ, ಕೇಸಿನ ಪ್ರಶ್ನೆ ಆಮೇಲೆ.

ಬೆನ್ನಿನ ವಿಷಯ ಬೇರೆಯೇ. ಡಿಸ್ಕ್ ಉಬ್ಬಿದೆ, ಸವೆದಿದೆ ಎಂಬ ಎಂಆರ್‌ಐ ವರದಿ ಹಿಡಿದು ಬರುವವರು ಬಹಳ. ಆದರೆ 33 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಲೇಖನವೊಂದರ ಪ್ರಕಾರ, ಬೆನ್ನುನೋವೇ ಇಲ್ಲದ 20 ವರ್ಷದವರಲ್ಲಿ ಶೇ 37 ಮಂದಿಗೆ, 50 ವರ್ಷದವರಲ್ಲಿ ಶೇ 80 ಮಂದಿಗೆ ಸ್ಕ್ಯಾನಿನಲ್ಲಿ ಡಿಸ್ಕ್ ಸವೆತ ಕಾಣುತ್ತದೆ. ವಿಮಾ ಕಂಪನಿಯವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಬೆನ್ನಿನ ಎಂಆರ್‌ಐ ಒಂದರಿಂದಲೇ ಕೇಸು ನಿಲ್ಲುವುದಿಲ್ಲ. ಅಪಘಾತದ ದಿನವೇ ಬೆನ್ನುನೋವೆಂದು ಆಸ್ಪತ್ರೆಯ ಚೀಟಿಯಲ್ಲಿ ಬರೆಸಿದ್ದೀರಾ, ಅದಕ್ಕೆ ಮೊದಲು ಕೆಲಸ ಹೇಗೆ ಮಾಡುತ್ತಿದ್ದಿರಿ, ಕಾಲಿನಲ್ಲಿ ಜೋಮು ಅಥವಾ ಶಕ್ತಿಹೀನತೆ ಯಾವಾಗ ಶುರುವಾಯಿತು ಎನ್ನುವುದೆಲ್ಲ ಜೊತೆಗೆ ಬರಬೇಕು. ಎಲ್ಲೆಲ್ಲಿ ನೋವಿದೆಯೋ ಅಷ್ಟನ್ನೂ ಮೊದಲ ದಿನವೇ ವೈದ್ಯರಿಗೆ ಹೇಳಿ ಬರೆಸಿ. ಕಾಲು ಮುರಿದ ನೋವಿನಲ್ಲಿ ಬೇರೆ ನೋವು ಮರೆತುಹೋಗುತ್ತದೆ, ಜೊತೆಯಲ್ಲಿ ಹೋದವರು ನೆನಪಿಸಬೇಕು.

ಇನ್ನು ದಾಖಲೆ ಕಳೆದುಹೋಗುವ ಬಗೆ. ನಮ್ಮಲ್ಲಿ ಗಾಯಾಳು ಒಂದೇ ಆಸ್ಪತ್ರೆಯಲ್ಲಿ ಉಳಿಯುವುದು ಅಪರೂಪ. ಅರಸೀಕೆರೆ ಅಥವಾ ಬೇಲೂರಿನಲ್ಲಿ ಪ್ರಥಮ ಚಿಕಿತ್ಸೆ, ಅಲ್ಲಿಂದ ಹಾಸನ, ಗಾಯ ಗಂಭೀರವಾಗಿದ್ದರೆ ಬೆಂಗಳೂರು ಅಥವಾ ಮಂಗಳೂರು. ಮೂರು ಕಡೆ ಮೂರು ಹೊರರೋಗಿ ಚೀಟಿ, ಮೂರು ನಂಬರು, ಕೆಲವೊಮ್ಮೆ ಹೆಸರೂ ಮೂರು ಬಗೆ. ಆಧಾರ್‌ನಲ್ಲಿ ತಂದೆಯ ಹೆಸರು ಸೇರಿದ ಪೂರ್ಣ ಹೆಸರು, ಫಿಲಂ ಮೇಲೆ ಮನೆಯಲ್ಲಿ ಕರೆಯುವ ಹೆಸರು, ವಯಸ್ಸು ಅಂದಾಜು. ಪ್ರಜ್ಞೆ ತಪ್ಪಿ ಬಂದವರನ್ನು ಅಪರಿಚಿತ ಎಂದು ದಾಖಲಿಸಿರುತ್ತಾರೆ. ಈ ಸಣ್ಣ ವ್ಯತ್ಯಾಸಗಳೇ ಮುಂದೆ ಪಾಟಿ ಸವಾಲಿನ ಸರಕು. ಪ್ರಜ್ಞೆ ಬಂದ ಕೂಡಲೇ, ಡಿಸ್ಚಾರ್ಜ್ ಆಗುವ ಮೊದಲೇ ಗುರುತಿನ ಚೀಟಿ ತೋರಿಸಿ ಹೆಸರು, ವಯಸ್ಸು ಸರಿಪಡಿಸಿಕೊಳ್ಳಿ. ಫಿಲಂ ಮೇಲೆ ಹೆಸರು, ತಾರೀಕು, ಎಡ ಬಲದ ಗುರುತು ಇದೆಯೇ ಎಂದು ಕಣ್ಣಾರೆ ನೋಡಿ. ಎಕ್ಸ್‌ರೇ ಜೊತೆಗೆ ರೇಡಿಯಾಲಜಿಸ್ಟ್ ಬರೆದ ವರದಿ ಇದ್ದರೆ ಅದನ್ನೂ ಕೇಳಿ ಪಡೆಯಿರಿ.

ಫಿಲಂ ಕೈಗೆ ಬಂದ ಮೇಲೆ ಅದಕ್ಕೆ ಶತ್ರು ಎರಡು: ಬಿಸಿಲು, ತೇವ. ಈಗ ಹೆಚ್ಚಾಗಿ ಕೊಡುವುದು ಶಾಖದಿಂದ ಮುದ್ರಿಸುವ ಫಿಲಂ. ಶೀಟಿನ ಮಾಡಿನ ಕೆಳಗೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರೆ ಅದು ಕಪ್ಪಾಗುತ್ತದೆ. ಬೇಲೂರಿನ ಕಡೆಯ ಮಳೆಗಾಲದಲ್ಲಿ ಒಂದರ ಮೇಲೊಂದು ಇಟ್ಟ ಫಿಲಂಗಳು ಅಂಟಿಕೊಳ್ಳುತ್ತವೆ. ಮಡಿಸಬೇಡಿ, ಪಿನ್ ಹೊಡೆಯಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ, ಪೆನ್ನಿನಲ್ಲಿ ಏನೂ ಬರೆಯಬೇಡಿ. ಒಂದೊಂದನ್ನೂ ಬೇರೆ ಬೇರೆ ಲಕೋಟೆಯಲ್ಲಿ ಹಾಕಿ, ಲಕೋಟೆಯ ಮೇಲೆ ತಾರೀಕು, ಆಸ್ಪತ್ರೆ ಬರೆದು, ತಂಪಾದ ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ.

ಈಗೀಗ ಫಿಲಂ ಕೊಡದೆ ಚಿತ್ರವನ್ನು ವಾಟ್ಸ್‌ಆ್ಯಪ್‌ಗೆ ಕಳಿಸುವುದು ಬೆಳೆಯುತ್ತಿದೆ. ವೈದ್ಯರಿಗೆ ಬೇಗ ತೋರಿಸಲು ಅದು ಅನುಕೂಲ, ಸಾಕ್ಷ್ಯಕ್ಕೆ ಸಾಲದು. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ, ಚಿತ್ರದ ಜೊತೆಗಿದ್ದ ವಿವರ ಉಳಿಯುವುದಿಲ್ಲ. ಎಕ್ಸ್‌ರೇ, ಸಿಟಿ, ಎಂಆರ್‌ಐ ಯಂತ್ರಗಳು ಚಿತ್ರವನ್ನು ಡೈಕಾಮ್ ಎಂಬ ರೂಪದಲ್ಲಿ ಉಳಿಸುತ್ತವೆ. ರೋಗಿಯ ಹೆಸರು, ಗುರುತಿನ ಸಂಖ್ಯೆ, ತೆಗೆದ ತಾರೀಕು, ಹೊತ್ತು, ಯಂತ್ರದ ವಿವರ ಎಲ್ಲವೂ ಆ ಕಡತದೊಳಗೇ ಇರುತ್ತವೆ. ಸಿಟಿ, ಎಂಆರ್‌ಐಯಲ್ಲಿ ನೂರಾರು ಪದರಗಳಿದ್ದು, ಫಿಲಂ ಮೇಲೆ ಮುದ್ರಿಸಿ ಕೊಡುವುದು ಆಯ್ದ ಕೆಲವನ್ನು ಮಾತ್ರ. ಆದ್ದರಿಂದ ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಡೈಕಾಮ್ ಕಡತವನ್ನೇ ಕೊಡಿ ಎಂದು ಕೇಳಿ. ಅದನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಹಳೆಯ ಕಾಯ್ದೆಯಲ್ಲಿ 65ಬಿ ಎನ್ನುತ್ತಿದ್ದೆವಲ್ಲ, ಅದೇ. ಈಗ ಅದಕ್ಕೆ ಎರಡು ಭಾಗ: ಒಂದನ್ನು ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಕಡತ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ನ್ಯಾಯಮಂಡಳಿಯ ವಿಚಾರಣೆ ಸಂಕ್ಷಿಪ್ತವಾದದ್ದು. ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ರುಜುವಾತು ಅಲ್ಲಿ ಬೇಡ, ಸಂಭವನೀಯತೆ ನಿಮ್ಮ ಕಡೆ ವಾಲಿದರೆ ಸಾಕು. ಹಾಗೆಂದು ಕಾಗದದಲ್ಲಿ ಸಡಿಲ ಬಿಡುವುದು ಎದುರು ಪಕ್ಷಕ್ಕೆ ನಾವೇ ಕೊಡುವ ಅವಕಾಶ.

ಆಸ್ಪತ್ರೆಯವರು ದಾಖಲೆ ಕೊಡುವುದಿಲ್ಲ ಎಂದರೆ ಸುಮ್ಮನೆ ಬರಬೇಡಿ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳಂತೆ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು, ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬರಹದಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಮೂರು ವರ್ಷದ ಗಡುವು ನೆನಪಿರಲಿ. ಕೇಸು ಅದಕ್ಕಿಂತ ಹೆಚ್ಚು ಕಾಲ ನಡೆಯಬಹುದು, ಆಗ ಹುಡುಕಿದರೆ ಸಿಗದೇ ಹೋಗಬಹುದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಂಥ ಯೋಜನೆಯಲ್ಲಿ ಚಿಕಿತ್ಸೆ ಪಡೆದಿದ್ದರೆ ಫಿಲಂಗಳು ಬಿಲ್ಲಿನ ಕಡತದ ಜೊತೆ ಹೋಗಿರುವ ಸಾಧ್ಯತೆಯಿದೆ, ಡಿಸ್ಚಾರ್ಜ್ ದಿನವೇ ಪ್ರತಿ ಕೇಳಿ. ಅಷ್ಟಕ್ಕೂ ಸಿಗದಿದ್ದರೆ ನ್ಯಾಯಮಂಡಳಿಯಿಂದ ಸಮನ್ಸ್ ಕಳಿಸಿ ಕೇಸ್ ಶೀಟು, ಚಿತ್ರಗಳನ್ನು ತರಿಸಬಹುದು.

ಇಷ್ಟೆಲ್ಲ ಯಾಕೆ ಎಂದು ಹಣದ ಲೆಕ್ಕದಲ್ಲೇ ತೋರಿಸುತ್ತೇನೆ. 32 ವರ್ಷದ ಒಬ್ಬರ ತಿಂಗಳ ಆದಾಯ 15,000 ರೂಪಾಯಿ ಎಂದು ಹಿಡಿಯೋಣ. ಸರಳಾ ವರ್ಮಾ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು ನಿಗದಿ ಮಾಡಿದ ಗುಣಕ ಆ ವಯಸ್ಸಿಗೆ 16. ವರ್ಷದ 1,80,000ವನ್ನು 16ರಿಂದ ಗುಣಿಸಿದರೆ 28,80,000. ಶಾಶ್ವತ ಊನದಿಂದಾದ ಗಳಿಕೆಯ ನಷ್ಟ ಶೇ 10 ಎಂದಾದರೆ 2,88,000, ಶೇ 15 ಎಂದಾದರೆ 4,32,000. ಒಂದೊಂದು ಶೇಕಡಾಕ್ಕೆ 28,800 ರೂಪಾಯಿ. ಆ ಶೇಕಡಾ ಎಷ್ಟು ಎನ್ನುವುದು ವೈದ್ಯರು ಚಿತ್ರಗಳನ್ನು ನೋಡಿ ಏನು ಹೇಳುತ್ತಾರೆ ಎನ್ನುವುದರ ಮೇಲೆ ನಿಂತಿದೆ: ಮೂಳೆ ಓರೆಯಾಗಿ ಕೂಡಿದೆಯೇ, ಕೂಡದೇ ಉಳಿದಿದೆಯೇ, ಕಾಲು ಗಿಡ್ಡವಾಗಿದೆಯೇ, ಕೀಲು ಸವೆದಿದೆಯೇ. ರಾಡು, ಪ್ಲೇಟು ಇನ್ನೂ ಒಳಗಿದ್ದರೆ ಅದನ್ನು ತೆಗೆಸುವ ಮುಂದಿನ ಖರ್ಚಿಗೂ ಇತ್ತೀಚಿನ ಎಕ್ಸ್‌ರೇಯೇ ಆಧಾರ. ಹಾಗಾಗಿ ಮೊದಲ ದಿನದ ಚಿತ್ರ, ಆಪರೇಷನ್ ಆದ ಮೇಲಿನ ಚಿತ್ರ, ಸಾಕ್ಷಿ ಹೇಳುವ ಮುಂಚಿನ ಚಿತ್ರ ಮೂರೂ ಸರಣಿಯಾಗಿ ಇರಬೇಕು.

ಆದರೂ ಚಿತ್ರ ಹೇಳುವುದು ಮೂಳೆಯ ಕಥೆಯನ್ನು ಮಾತ್ರ, ದುಡಿಮೆಯ ಕಥೆಯನ್ನು ನೀವೇ ಹೇಳಬೇಕು. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ 2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡ ಚಾಲಕನಿಗೋ ಬಡಗಿಗೋ ಗಳಿಕೆ ಪೂರ್ತಿ ಹೋದಂತೆಯೇ, ಆದರೆ ಅದೇ ಊನವಿರುವ ಸರ್ಕಾರಿ ಗುಮಾಸ್ತರಿಗೆ ಸಂಬಳ ಉಳಿಯಬಹುದು. ವೈದ್ಯರು ಹೇಳುವುದು ಅಂಗದ ಊನವೋ ಇಡೀ ದೇಹದ ಊನವೋ ಎಂದು ನೋಡಬೇಕು, ಆಮೇಲೆ ಆ ವ್ಯಕ್ತಿಯ ಕೆಲಸಕ್ಕೆ ಅದರಿಂದ ಏನಾಯಿತು ಎಂದು ತೂಗಬೇಕು. ಅಂಗದ ಊನದ ಮೂರನೇ ಒಂದು ಭಾಗವನ್ನು ದೇಹದ ಊನವೆಂದು ಹಿಡಿಯುವುದು ನಮ್ಮ ನ್ಯಾಯಮಂಡಳಿಗಳಲ್ಲಿ ವಾಡಿಕೆ. ಎಲ್ಲರಿಗೂ ಅದೇ ಅಳತೆ ಸರಿಹೊಂದುವುದಿಲ್ಲ. ಅರಸೀಕೆರೆಯ ತೆಂಗಿನ ಮರ ಹತ್ತುವವರ ಕಣಕಾಲು ಬಗ್ಗದೇ ಹೋದರೆ ಅವರ ಕಸುಬೇ ಹೋಯಿತು. ಬೇಲೂರಿನ ತೋಟದಲ್ಲಿ ಏಣಿ ಹತ್ತಿ ಮೆಣಸು ಕೊಯ್ಯುವವರು, ದೇವಸ್ಥಾನದ ಮುಂದೆ ದಿನವಿಡೀ ನಿಂತು ಪ್ರವಾಸಿಗರಿಗೆ ವಿವರಿಸುವವರು, ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳು, ಪ್ರತಿಯೊಬ್ಬರ ಮಂಡಿಗೂ ಬೇರೆ ಬೆಲೆ. ನಮ್ಮ ರಾಜ್ಯದ ತರಕಾರಿ ವ್ಯಾಪಾರಿಯೊಬ್ಬರು ಬಲಗಾಲು ಕಳೆದುಕೊಂಡ ಪ್ರಕರಣದಲ್ಲಿ ಹೈಕೋರ್ಟು ಊನವನ್ನು ಶೇ 65 ಎಂದಿತ್ತು. 2014ರಲ್ಲಿ ಸುಪ್ರೀಂ ಕೋರ್ಟು ಅವರ ಕಸುಬನ್ನು ನೋಡಿ ಶೇ 85ಕ್ಕೆ ಏರಿಸಿತು. ವೈದ್ಯರ ಮುಂದೆ, ನ್ಯಾಯಾಧೀಶರ ಮುಂದೆ ನಿಮ್ಮ ಕೆಲಸ ಎಂಥದ್ದು, ಯಾವ ಭಂಗಿಯಲ್ಲಿ ಮಾಡುತ್ತಿದ್ದಿರಿ, ಈಗ ಯಾವುದು ಆಗುವುದಿಲ್ಲ ಎಂದು ಬಿಡಿಬಿಡಿಯಾಗಿ ಹೇಳಿ. ಶೇ 40 ಊನ ಇದ್ದರೆ ಮಾತ್ರ ಪರಿಹಾರ ಎಂಬ ತಪ್ಪು ನಂಬಿಕೆ ಹಳ್ಳಿಗಳಲ್ಲಿದೆ. ಆ 40 ಅಂಗವಿಕಲರ ಸೌಲಭ್ಯಗಳ ಗೆರೆ. ಅಪಘಾತದ ಪರಿಹಾರಕ್ಕೆ ಶೇ 6 ಇದ್ದರೂ ಲೆಕ್ಕಕ್ಕೆ ಬರುತ್ತದೆ.

ನಾಟಿ ವೈದ್ಯರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಆಸ್ಪತ್ರೆಯಲ್ಲಿ ಒಂದು ಎಕ್ಸ್‌ರೇ ತೆಗೆಸಿ, ಆಪರೇಷನ್ ಎಂದ ಕೂಡಲೇ ಹೆದರಿ, ಮೂಳೆ ಕಟ್ಟುವವರ ಹತ್ತಿರ ಹೋಗುವುದು ನಮ್ಮ ಕಡೆ ಸಾಮಾನ್ಯ. ದುಡ್ಡಿನ ಅಡಚಣೆ, ಹಿರಿಯರ ನಂಬಿಕೆ, ದೂರದ ದಾರಿ, ಕಾರಣ ಏನೇ ಇರಲಿ, ನಾನು ಹೀಗಳೆಯುವುದಿಲ್ಲ. ಆದರೆ ಅಲ್ಲಿ ಕಾಗದ ಹುಟ್ಟುವುದಿಲ್ಲ. ಮೂರು ತಿಂಗಳು ಚಿಕಿತ್ಸೆಯ ಒಂದು ಚೀಟಿಯೂ ಇಲ್ಲದಿದ್ದರೆ ಮೂಳೆ ಓರೆಯಾಗಿ ಕೂಡಿದ್ದಕ್ಕೆ ನಿಮ್ಮದೇ ಅಲಕ್ಷ್ಯ ಕಾರಣ ಎಂದು ವಾದ ಬರುತ್ತದೆ. ಮುರಿತ ದೊಡ್ಡದಾಗಿದ್ದರೆ, ಗಾಯ ತೆರೆದಿದ್ದರೆ, ಬೆರಳು ತಣ್ಣಗಾಗಿದ್ದರೆ ಆಸ್ಪತ್ರೆ ಬಿಡಲೇಬೇಡಿ. ಕಟ್ಟು ಹಾಕಿಸಿಕೊಂಡವರೂ ನಡುನಡುವೆ ತಾಲೂಕು ಆಸ್ಪತ್ರೆಗೆ ಬಂದು ಎಕ್ಸ್‌ರೇ ತೆಗೆಸಿ ಚೀಟಿ ಇಟ್ಟುಕೊಳ್ಳಿ.

ಇನ್ನೊಂದು ಮಾತು ನೋಯಿಸಬಹುದು, ಆದರೂ ಹೇಳುತ್ತೇನೆ. ಬೇರೆಯವರ ಫಿಲಂಗೆ ಹೆಸರು ಅಂಟಿಸುವುದು, ಹಳೆಯ ಮುರಿತವನ್ನು ಹೊಸದೆನ್ನುವುದು, ಚಿಕಿತ್ಸೆ ಕೊಡದ ವೈದ್ಯರಿಂದ ದೊಡ್ಡ ಶೇಕಡಾ ಬರೆಸುವುದು, ಇಂಥ ದಾರಿಗೆ ಕರೆಯುವ ಮಧ್ಯವರ್ತಿಗಳು ಆಸ್ಪತ್ರೆಯ ಬಾಗಿಲಲ್ಲೇ ಸಿಗುತ್ತಾರೆ. ಹತ್ತಿರ ಸೇರಿಸಬೇಡಿ. ಧಾರಾಳವಾಗಿ ಪ್ರಮಾಣಪತ್ರ ಕೊಡುವ ವೈದ್ಯರ ವಿಷಯದಲ್ಲಿ ಎಚ್ಚರವಿರಲಿ ಎಂದು ಸುಪ್ರೀಂ ಕೋರ್ಟು ಅದೇ ರಾಜ್ ಕುಮಾರ್ ತೀರ್ಪಿನಲ್ಲಿ ನ್ಯಾಯಮಂಡಳಿಗಳಿಗೆ ಹೇಳಿದೆ. ಒಂದು ಸುಳ್ಳು ಕೇಸು ಬಯಲಾದರೆ ಅನುಮಾನದ ಕಣ್ಣು ಬೀಳುವುದು ನಿಜವಾಗಿ ಕಾಲು ಮುರಿದುಕೊಂಡ ಹತ್ತು ಜನರ ಮೇಲೆ. ಮೂಲ ದಾಖಲೆಗಳನ್ನು ಯಾರಿಗಾದರೂ, ವಕೀಲರಿಗೇ ಆದರೂ, ಕೊಡುವ ಮುನ್ನ ಪ್ರತಿ ತೆಗೆದಿಟ್ಟುಕೊಂಡು, ಏನೇನು ಕೊಟ್ಟಿರಿ ಎಂದು ಪಟ್ಟಿ ಬರೆಸಿ ಸಹಿ ಪಡೆಯಿರಿ.

ಚಿಕಿತ್ಸೆ ಕೊಟ್ಟ ವೈದ್ಯರಲ್ಲಿ ನಿಮ್ಮ ಪರವಾಗಿ ನನ್ನದೂ ಒಂದು ಬೇಡಿಕೆಯಿದೆ. ಊನದ ಪ್ರಮಾಣಪತ್ರವನ್ನು ಹಾಜರುಪಡಿಸಿದರೆ ಸಾಲದು, ಅದನ್ನು ಕೊಟ್ಟವರು ಬಂದು ಪಾಟಿ ಸವಾಲು ಎದುರಿಸಿದರೆ ಮಾತ್ರ ಬೆಲೆ ಎನ್ನುವುದು ಕಾನೂನು. ಆಪರೇಷನ್ ಮಾಡಿದ ವೈದ್ಯರೇ ಅರ್ಧ ದಿನ ಬಿಡುವು ಮಾಡಿಕೊಂಡು ಬಂದು ಚಿತ್ರ ತೋರಿಸಿ ಎರಡು ಮಾತು ಹೇಳಿದರೆ ನ್ಯಾಯಾಧೀಶರಿಗೆ ಅನುಮಾನ ಉಳಿಯುವುದಿಲ್ಲ. ಬರಲು ಆಗದವರ ಸಾಕ್ಷ್ಯವನ್ನು ನ್ಯಾಯಮಂಡಳಿ ನೇಮಿಸುವ ಕಮಿಷನರ್ ಮೂಲಕ ಆಸ್ಪತ್ರೆಯಲ್ಲೇ ದಾಖಲಿಸಲೂ ಅವಕಾಶವಿದೆ.

ಕೊನೆಯದಾಗಿ ಗಡುವು. ಅಪಘಾತವಾದ 6 ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆಂದು ತಿದ್ದುಪಡಿಯಾದ ಕಾಯ್ದೆ ಹೇಳುತ್ತದೆ. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೆ ಅದನ್ನು ನಂಬಿ ಕಾಯುವುದು ಬೇಡ. ಪೊಲೀಸರು 48 ಗಂಟೆಯಲ್ಲಿ ಮೊದಲ ಅಪಘಾತ ವರದಿಯನ್ನೂ 90 ದಿನದಲ್ಲಿ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕೆಂಬ ನಿಯಮವೂ 2022ರಿಂದ ಇದೆ. ನಿಮ್ಮ ವೈದ್ಯಕೀಯ ದಾಖಲೆಯ ಪ್ರತಿಯನ್ನು ತನಿಖಾಧಿಕಾರಿಗೂ ಕೊಡಿ. ಅಪಘಾತ ದೂರದ ಊರಿನಲ್ಲಿ ಆಗಿದ್ದರೂ ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಪರಿಹಾರ ಯಾರ ಔದಾರ್ಯವೂ ಅಲ್ಲ. ರಸ್ತೆಯಲ್ಲಿ ಓಡುವ ಪ್ರತಿ ವಾಹನಕ್ಕೂ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ ಮಾಡಿರುವುದೇ ನಿಮಗಾಗಿ. ಅದನ್ನು ಪಡೆಯಲು ನಿಮ್ಮ ನೋವಿಗೆ ದಾಖಲೆಯ ಬಲ ಬೇಕು. ಮನೆಯಲ್ಲಿ ಗಾಯಾಳು ಇದ್ದರೆ ಇವತ್ತೇ ಎಲ್ಲ ಫಿಲಂ, ವರದಿ, ಚೀಟಿ, ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿ. ಯಾವುದು ಇಲ್ಲವೋ ಅದಕ್ಕೆ ನಾಳೆಯೇ ಆಸ್ಪತ್ರೆಗೆ ಅರ್ಜಿ ಕೊಡಿ. ಹಾಸಿಗೆಯಲ್ಲಿರುವವರು ಇದನ್ನು ಮಾಡಲಾರರು, ಅವರ ಪರವಾಗಿ ಮನೆಯಲ್ಲಿ ಓದು ಬಲ್ಲ ಒಬ್ಬರು ಈ ಜವಾಬ್ದಾರಿ ಹೊತ್ತುಕೊಳ್ಳಿ. ಓದಿದ ಮೇಲೆ ಈ ಪತ್ರವನ್ನು ನಿಮ್ಮ ಬೀದಿಯ ಇನ್ನೊಂದು ಮನೆಗೂ ಕೊಡಿ.

ನಿಮ್ಮ ಹಿತ ಬಯಸುವ,
ಅರಸೀಕೆರೆಯ ಒಬ್ಬ ವಕೀಲ